ದೂರವನ್ನು ಉಳಿಸಿದ ತೂಕ: ಮೆಲ್ಬರ್ನ್ ಕಪ್ ನಡೆದುಬಂದ ದಾರಿ

ಪ್ರತಿ ವರ್ಷ ನವೆಂಬರ್ ತಿಂಗಳ ಮೊದಲ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಫ್ಲೆಮಿಂಗ್ಟನ್ ಮೈದಾನದಲ್ಲಿ ಹೆಚ್ಚೆಂದರೆ 24 ಕುದುರೆಗಳು 3200 ಮೀಟರ್ ದೂರ ಓಡುತ್ತವೆ. ಮೆಲ್ಬರ್ನ್ ಕಪ್ ಎಂಬ ಈ ಓಟ ಮುಗಿಯಲು ಮೂರೂಕಾಲರಿಂದ ಮೂರೂವರೆ ನಿಮಿಷ ಸಾಕು. ಅಷ್ಟು ಹೊತ್ತು ಕಚೇರಿಗಳಲ್ಲಿ ಕೆಲಸ ನಿಲ್ಲುತ್ತದೆ, ಶಾಲೆಗಳಲ್ಲಿ ಟಿ.ವಿ. ಹಚ್ಚುತ್ತಾರೆ, ಕುದುರೆಯ ಬೆನ್ನನ್ನು ಜನ್ಮದಲ್ಲಿ ಮುಟ್ಟದವರೂ ಚೀಟಿ ಎತ್ತಿ ತಮ್ಮ ಪಾಲಿಗೆ ಬಂದ ಹೆಸರನ್ನು ಕೂಗುತ್ತಾರೆ. ಮೆಲ್ಬರ್ನ್ ನಗರದಲ್ಲಿ ಅಂದು ಸಾರ್ವಜನಿಕ ರಜೆ, ಅದೂ 1877ರಿಂದ. ದೇಶವನ್ನೇ ನಿಲ್ಲಿಸುವ ಓಟ ಎಂದು ಆಸ್ಟ್ರೇಲಿಯನ್ನರು ಇದನ್ನು ಕರೆಯುವುದರಲ್ಲಿ ಉತ್ಪ್ರೇಕ್ಷೆ ಹೆಚ್ಚೇನಿಲ್ಲ.

ಕುದುರೆ ಓಟದ ಪ್ರಪಂಚವನ್ನು ಸ್ವಲ್ಪ ಬಲ್ಲವರಿಗೆ ಇದರಲ್ಲಿ ವಿಚಿತ್ರವಾಗಿ ಕಾಣುವುದು ಈ ಜನಪ್ರಿಯತೆಗಿಂತ ಆ 3200 ಮೀಟರ್ ಎಂಬ ಅಂಕೆ. ಬೇಲಿ, ಕಂದಕ ಮುಂತಾದ ಅಡೆತಡೆಗಳನ್ನು ಹಾರಬೇಕಾಗಿಲ್ಲದ ಓಟಗಳು ಕಳೆದ ಇನ್ನೂರೈವತ್ತು ವರ್ಷಗಳಲ್ಲಿ ಎಲ್ಲ ದೇಶಗಳಲ್ಲೂ ಗಿಡ್ಡವಾಗುತ್ತಲೇ ಬಂದಿವೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ನಾಲ್ಕು ಮೈಲಿಯ ಓಟವನ್ನು ಒಂದೇ ದಿನ ಎರಡು ಮೂರು ಸುತ್ತುಗಳಾಗಿ ಓಡಿಸುತ್ತಿದ್ದರು. 1776ರಲ್ಲಿ ಸೇಂಟ್ ಲೆಜರ್, 1780ರಲ್ಲಿ ಡರ್ಬಿ ಆರಂಭವಾಗುವ ಹೊತ್ತಿಗೆ ಎಳೆಯ ಕುದುರೆಗಳ ಒಂದೇ ಸುತ್ತಿನ, ಕಡಿಮೆ ದೂರದ ಓಟಗಳಿಗೆ ಮಾನ್ಯತೆ ಬಂತು. ಇಂದು ಯಾವುದೇ ದೇಶದ ರೇಸ್ ಪಟ್ಟಿಯನ್ನು ತೆರೆದರೂ ಬಹುಪಾಲು ಓಟಗಳು 1000ದಿಂದ 1600 ಮೀಟರ್ ಒಳಗೇ ಇರುತ್ತವೆ. ನಮ್ಮಲ್ಲೂ ಮುಂಬೈಯ ಇಂಡಿಯನ್ ಡರ್ಬಿ 2400 ಮೀಟರಿಗೆ ನಿಲ್ಲುತ್ತದೆ, ಇಂಡಿಯನ್ ಸೇಂಟ್ ಲೆಜರ್ 2800 ಮೀಟರಿಗೆ ನಿಲ್ಲುತ್ತದೆ, ಅದಕ್ಕಿಂತ ಉದ್ದದ ಓಟ ಅಪರೂಪ. ಹೀಗಿರುವಾಗ ಎರಡು ಮೈಲಿಯ ಒಂದು ಓಟ 1861ರಿಂದ ಇಂದಿನವರೆಗೆ ಒಂದು ವರ್ಷವೂ ತಪ್ಪದೆ, ಎರಡು ಮಹಾಯುದ್ಧಗಳನ್ನೂ ಕೊರೊನಾ ಪಿಡುಗನ್ನೂ ದಾಟಿ, ಒಂದು ದೇಶದ ಅತಿ ದೊಡ್ಡ ಓಟವಾಗಿಯೇ ಉಳಿದದ್ದು ಹೇಗೆ? ಇದಕ್ಕೆ ಚಿನ್ನದ ಗಣಿ, ರಜೆ, ಜೂಜು, ಉಡುಪಿನ ಬೆಡಗು ಹೀಗೆ ಹಲವು ಕಾರಣಗಳನ್ನು ಹೇಳುವ ರೂಢಿಯಿದೆ. ಅವೆಲ್ಲ ನಿಜವೇ. ಆದರೆ ನನ್ನ ಮಟ್ಟಿಗೆ ಮುಖ್ಯ ಕಾರಣ ಕುದುರೆಯ ಬೆನ್ನ ಮೇಲಿದೆ. ಈ ಓಟವನ್ನು ಉಳಿಸಿದ್ದು ಅದರ ತೂಕದ ಲೆಕ್ಕಾಚಾರ.

ಆ ಲೆಕ್ಕಾಚಾರವನ್ನು ಮೊದಲು ಬಿಡಿಸಿಕೊಳ್ಳೋಣ. ಕುದುರೆ ಓಟಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಮೊದಲನೆಯದರಲ್ಲಿ ಒಂದೇ ವಯಸ್ಸಿನ ಎಲ್ಲ ಕುದುರೆಗಳೂ ಒಂದೇ ತೂಕ ಹೊರುತ್ತವೆ. ವಯಸ್ಸಿನಲ್ಲಿ ಚಿಕ್ಕವಕ್ಕೆ ಮತ್ತು ಹೆಣ್ಣುಗುದುರೆಗಳಿಗೆ ಒಂದು ಗೊತ್ತಾದ ರಿಯಾಯಿತಿ ಇರುತ್ತದೆ, ಅಷ್ಟೆ. ಇಲ್ಲಿ ಗೆಲ್ಲಬೇಕಾದದ್ದು ಯಾವುದು ಶ್ರೇಷ್ಠವೋ ಅದೇ. ಎರಡನೆಯದು ಹ್ಯಾಂಡಿಕ್ಯಾಪ್ ಓಟ. ಇದರಲ್ಲಿ ಪ್ರತಿ ಕುದುರೆಯ ಹಿಂದಿನ ಓಟಗಳನ್ನು ನೋಡಿ ಹ್ಯಾಂಡಿಕ್ಯಾಪರ್ ಎಂಬ ಅಧಿಕಾರಿಯು ಅದಕ್ಕೆ ಇಷ್ಟು ತೂಕ ಎಂದು ನಿಗದಿ ಮಾಡುತ್ತಾನೆ. ಚೆನ್ನಾಗಿ ಓಡಿದ್ದಕ್ಕೆ ಹೆಚ್ಚು, ಸಾಧಾರಣವಾದದ್ದಕ್ಕೆ ಕಡಿಮೆ. ಎಲ್ಲ ಕುದುರೆಗಳೂ ಒಟ್ಟಿಗೇ ಗುರಿ ಮುಟ್ಟಬೇಕು ಎಂಬುದು ಅವನ ಆದರ್ಶ, ಅದು ಎಂದೂ ಈಡೇರುವುದಿಲ್ಲ ಎಂಬುದು ಬೇರೆ ಮಾತು. ಬೆಂಗಳೂರಿನ ರೇಸ್ ಪುಸ್ತಕವನ್ನು ಕೈಯಲ್ಲಿ ಹಿಡಿದವರಿಗೆ ಇದೇನೂ ಹೊಸದಲ್ಲ: 40ರಿಂದ 65ರ ರೇಟಿಂಗಿನ ಕುದುರೆಗಳಿಗೆ ಎಂದು ಒಂದು ಓಟದ ತಲೆಯಲ್ಲಿ ಬರೆದಿದ್ದರೆ, ರೇಟಿಂಗಿನ ಒಂದು ಅಂಕಕ್ಕೆ ಅರ್ಧ ಕಿಲೋ ಲೆಕ್ಕದಲ್ಲಿ ತೂಕ ಏರುತ್ತಾ ಹೋಗುತ್ತದೆ.

ಈ ತೂಕವೆಂದರೆ ಜಾಕಿ ಮತ್ತು ಅವನ ಜೀನು ಸೇರಿದ ತೂಕ. ಓಟಕ್ಕೆ ಮೊದಲು ಜಾಕಿ ಜೀನನ್ನು ತೋಳಿನಲ್ಲಿ ಹೊತ್ತು ತಕ್ಕಡಿಯ ಮೇಲೆ ನಿಲ್ಲುತ್ತಾನೆ. ನಿಗದಿಗಿಂತ ಕಡಿಮೆ ಬಿದ್ದರೆ ಜೀನಿನ ಕೆಳಗಿನ ಬಟ್ಟೆಯ ಜೇಬುಗಳಲ್ಲಿ ಚಪ್ಪಟೆಯಾದ ಸೀಸದ ತುಂಡುಗಳನ್ನು ಸೇರಿಸಿ ಸರಿದೂಗಿಸುತ್ತಾರೆ. ಓಟ ಮುಗಿದ ಮೇಲೆ ಬೆವರು, ಕೆಸರು ಮೆತ್ತಿಕೊಂಡ ಅದೇ ಸರಂಜಾಮಿನೊಂದಿಗೆ ಮತ್ತೆ ತಕ್ಕಡಿ ಹತ್ತಬೇಕು. ಆಗ ತೂಕ ಕಡಿಮೆ ಬಂದರೆ ಗೆಲುವು ಕೈ ತಪ್ಪುತ್ತದೆ.

ಎರಡು ಮೂರು ಕಿಲೋ ಹೆಚ್ಚಾದರೆ ಐನೂರು ಕಿಲೋ ತೂಗುವ ಪ್ರಾಣಿಗೆ ಏನಾದೀತು ಎಂಬ ಸಂಶಯ ಸಹಜ. ಇದಕ್ಕೆ ಹ್ಯಾಂಡಿಕ್ಯಾಪರುಗಳು ಬಳಸುವ ಒಂದು ಸ್ಥೂಲ ಸೂತ್ರವಿದೆ. 1000 ಮೀಟರಿನ ಓಟದಲ್ಲಿ ಒಂದು ಕುದುರೆಯುದ್ದದ ಅಂತರವನ್ನು ಸರಿದೂಗಿಸಲು ಸುಮಾರು ಮೂರು ಪೌಂಡು, ಅಂದರೆ ಒಂದು ಕಿಲೋ ಮುನ್ನೂರೈವತ್ತು ಗ್ರಾಂ ಬೇಕು. 3000 ಮೀಟರ್ ದಾಟಿದರೆ ಅದೇ ಅಂತರಕ್ಕೆ ಒಂದು ಪೌಂಡು, ಅಂದರೆ ಅರ್ಧ ಕಿಲೋಕ್ಕಿಂತಲೂ ಕಡಿಮೆ ಸಾಕು. ದೂರ ಹೆಚ್ಚಿದಂತೆ ಪ್ರತಿ ಹೆಜ್ಜೆಯಲ್ಲೂ ಆ ಹೊರೆ ತನ್ನ ಬಾಕಿಯನ್ನು ವಸೂಲು ಮಾಡುತ್ತಲೇ ಇರುತ್ತದೆ. ಆದ್ದರಿಂದ ಹ್ಯಾಂಡಿಕ್ಯಾಪ್ ಪದ್ಧತಿ ಅತ್ಯಂತ ಪರಿಣಾಮಕಾರಿಯಾಗುವುದು ದೀರ್ಘ ಓಟದಲ್ಲಿ. ಮೆಲ್ಬರ್ನ್ ಕಪ್ ಹುಟ್ಟಿದಾಗಲೇ ಈ ಎರಡನ್ನೂ, ಉದ್ದದ ದೂರವನ್ನೂ ಏರಿಳಿತದ ತೂಕವನ್ನೂ, ಒಟ್ಟಿಗೆ ಕಟ್ಟಿಕೊಂಡಿತು.

ಹುಟ್ಟಿದ ಕಾಲವೂ ಅಂಥದ್ದೇ. 1851ರಲ್ಲಿ ವಿಕ್ಟೋರಿಯಾ ಪ್ರಾಂತದಲ್ಲಿ ಚಿನ್ನ ಸಿಕ್ಕಿ, ಹತ್ತೇ ವರ್ಷಗಳಲ್ಲಿ ಮೆಲ್ಬರ್ನ್ ದುಡ್ಡು ಹರಿದಾಡುವ ಪಟ್ಟಣವಾಗಿತ್ತು. ಮ್ಯಾರಿಬರ್ನಾಂಗ್ ನದಿಯ ಪಕ್ಕದ ಫ್ಲೆಮಿಂಗ್ಟನ್ ಬಯಲಿನಲ್ಲಿ 1840ರಿಂದಲೇ ಕುದುರೆಗಳು ಓಡುತ್ತಿದ್ದವು. ಪ್ರಾಂತದ ಪೊಲೀಸ್ ಮುಖ್ಯಾಧಿಕಾರಿಯಾಗಿದ್ದ ಕ್ಯಾಪ್ಟನ್ ಫ್ರೆಡರಿಕ್ ಸ್ಟ್ಯಾಂಡಿಶ್ ಅಲ್ಲಿನ ಟರ್ಫ್ ಕ್ಲಬ್ಬಿನ ಹಿರಿಯರಲ್ಲಿ ಒಬ್ಬನಾಗಿದ್ದ. ಎರಡು ಮೈಲಿಯ ಹ್ಯಾಂಡಿಕ್ಯಾಪ್ ಓಟವೊಂದನ್ನು ಆರಂಭಿಸುವ ಯೋಚನೆ ಅವನದೆಂದು ಹೇಳುತ್ತಾರೆ. 1861ರ ನವೆಂಬರ್ 7, ಗುರುವಾರ, 17 ಕುದುರೆಗಳು ಹೊರಟವು. ಒಂದು ಹೊರಡುವ ಮೊದಲೇ ಕಿತ್ತುಕೊಂಡು ಓಡಿತು, ಮೂರು ನಡುದಾರಿಯಲ್ಲಿ ಬಿದ್ದವು, ಅವುಗಳಲ್ಲಿ ಎರಡು ಸತ್ತವು. ಸುಮಾರು 4000 ಜನ ನೋಡಿದ ಆ ಓಟವನ್ನು ಆರ್ಚರ್ ಎಂಬ ಕುದುರೆ 60 ಕಿಲೋ ಹೊತ್ತು ಆರು ಕುದುರೆಯುದ್ದದಿಂದ ಗೆದ್ದಿತು. ಬಹುಮಾನ 710 ಪೌಂಡು ಮತ್ತು ಒಂದು ಚಿನ್ನದ ಗಡಿಯಾರ. ಟ್ರೇನರ್ ಎಟಿಯೆನ್ ಡಿ ಮೆಸ್ಟರ್ ನ್ಯೂ ಸೌತ್ ವೇಲ್ಸಿನವನು. ಕುದುರೆಯನ್ನು ಅವನ ಊರಿನಿಂದ ಎಂಟುನೂರು ಕಿಲೋಮೀಟರ್ ನಡೆಸಿಕೊಂಡೇ ಬಂದರು ಎಂಬ ಕಥೆ ಇಂದಿಗೂ ಜನರ ಬಾಯಲ್ಲಿದೆ. ವಾಸ್ತವದಲ್ಲಿ ಆರ್ಚರ್ ಬಂದದ್ದು ಹಡಗಿನಲ್ಲಿ.

ಮುಂದಿನ ವರ್ಷ ಹ್ಯಾಂಡಿಕ್ಯಾಪರ್ ಸುಮ್ಮನಿರಲಿಲ್ಲ, ಆರ್ಚರ್‌ನ ಹೊರೆ 64 ಕಿಲೋ ದಾಟಿತು. ಅದು ಮತ್ತೆ ಗೆದ್ದಿತು. 1863ಕ್ಕೆ ಹೊರೆ 71 ಕಿಲೋಕ್ಕಿಂತಲೂ ಹೆಚ್ಚಾಯಿತು. ಡಿ ಮೆಸ್ಟರ್ ಅದಕ್ಕೂ ಒಪ್ಪಿ ತಂತಿ ಕಳುಹಿಸಿದ, ಆದರೆ ಅಂದು ಮೆಲ್ಬರ್ನಿನಲ್ಲಿ ರಜೆಯಿದ್ದುದರಿಂದ ತಂತಿ ತಡವಾಗಿ ಕೈ ಸೇರಿತು. ಗಡುವು ಮುಗಿದಿದೆ ಎಂದು ಕ್ಲಬ್ಬಿನವರು ಆರ್ಚರ್‌ನನ್ನು ಹೊರಗಿಟ್ಟರು. ನೆರೆಯ ಪ್ರಾಂತದ ಕುದುರೆ ಮೂರನೆಯ ಸಲ ಗೆಲ್ಲುವುದು ಸ್ಥಳೀಯರಿಗೆ ಬೇಡವಾಗಿತ್ತು ಎಂಬ ಗುಮಾನಿ ಎದ್ದು, ಹಲವು ಮಾಲೀಕರು ಪ್ರತಿಭಟಿಸಿ ತಮ್ಮ ಕುದುರೆಗಳನ್ನು ಹಿಂದಕ್ಕೆ ಪಡೆದರು. ಆ ವರ್ಷ ಓಡಿದ್ದು ಏಳೇ ಕುದುರೆಗಳು. ಜಗಳವಾಡಿಕೊಂಡಿದ್ದ ಎರಡು ಕ್ಲಬ್ಬುಗಳು 1864ರಲ್ಲಿ ಒಂದಾಗಿ ವಿಕ್ಟೋರಿಯಾ ರೇಸಿಂಗ್ ಕ್ಲಬ್ ಆಯಿತು, ಓಟವನ್ನು ಇಂದಿಗೂ ನಡೆಸುತ್ತಿರುವುದು ಅದೇ. ಮಂಗಳವಾರ ಎಂಬುದು 1875ರಲ್ಲಿ ಗೊತ್ತಾಯಿತು.

ತೂಕದ ಪದ್ಧತಿ ಎಷ್ಟು ದೂರ ಹೋಗಬಲ್ಲದು ಎಂಬುದನ್ನು 1890ರ ಓಟದಷ್ಟು ಚೆನ್ನಾಗಿ ಇನ್ನಾವುದೂ ತೋರಿಸುವುದಿಲ್ಲ. ಅಂದು 39 ಕುದುರೆಗಳು ಓಡಿದವು, ಅಷ್ಟೊಂದು ಕುದುರೆಗಳು ಅದಕ್ಕೆ ಮೊದಲೂ ಆಮೇಲೂ ಈ ಓಟದಲ್ಲಿ ಕಾಣಿಸಿಕೊಂಡಿಲ್ಲ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಕಾರ್ಬೈನ್ ಮೈಮೇಲೆ 10 ಸ್ಟೋನ್ 5 ಪೌಂಡು, ಈಗಿನ ಲೆಕ್ಕದಲ್ಲಿ 65.8 ಕಿಲೋ. ಎರಡನೆಯದಾಗಿ ಬಂದ ಹೈಬಾರ್ನ್ ಹೊತ್ತದ್ದು 41.7 ಕಿಲೋ. ಅಂದರೆ ಎದುರಾಳಿಗಿಂತ 24 ಕಿಲೋ ಹೆಚ್ಚು ಹೊತ್ತು, ಆಗಿನ ದಾಖಲೆಯ ವೇಗದಲ್ಲಿ ಕಾರ್ಬೈನ್ ಗೆದ್ದಿತು. ಅಷ್ಟು ತೂಕ ಹೊತ್ತು ಈ ಕಪ್ ಗೆದ್ದ ಕುದುರೆ ಇನ್ನೊಂದಿಲ್ಲ. ಸೋತ ಹೈಬಾರ್ನ್ ಸಾಮಾನ್ಯ ಕುದುರೆಯೇನಲ್ಲ, ಮುಂದೆ ಭಾರತಕ್ಕೆ ಬಂದು ಕಲ್ಕತ್ತಾದಲ್ಲಿ ವೈಸ್‌ರಾಯ್ ಕಪ್ ಗೆದ್ದಿತು. ಆ ಕಾಲದಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ಕುದುರೆಗಳ ಸಾಗಣೆ ಭರದಿಂದ ನಡೆಯುತ್ತಿತ್ತು. ವೇಲರ್ ಎಂದು ಹೆಸರಾದ ಸವಾರಿ ಕುದುರೆಗಳು ಹಡಗುಗಟ್ಟಲೆ ಮದ್ರಾಸು, ಕಲ್ಕತ್ತಾಗಳಲ್ಲಿ ಇಳಿದು ಸೈನ್ಯದ ಲಾಯಗಳನ್ನು ಸೇರುತ್ತಿದ್ದವು.

ಹೈಬಾರ್ನ್ ಹೊತ್ತ 41.7 ಕಿಲೋ ಎಂಬ ಅಂಕೆಯ ಹಿಂದೆ ಒಬ್ಬ ಮನುಷ್ಯನಿದ್ದಾನೆ ಎಂಬುದು ಸುಲಭವಾಗಿ ಮರೆತುಹೋಗುತ್ತದೆ. ಜೀನನ್ನು ಕಳೆದರೆ ನಲವತ್ತು ಕಿಲೋ ಆಸುಪಾಸು ತೂಗುವ ಸವಾರ ಬೇಕು, ಅಷ್ಟು ಹಗುರವಾಗಿರುವವರು ಹೆಚ್ಚಾಗಿ ಹುಡುಗರೇ. 1876ರಲ್ಲಿ ಬ್ರೈಸೀಸ್ ಎಂಬ ಮೂರು ವರ್ಷದ ಹೆಣ್ಣುಗುದುರೆಯನ್ನು ಗೆಲ್ಲಿಸಿದ ಪೀಟರ್ ಸೇಂಟ್ ಆಲ್ಬನ್ಸ್‌ಗೆ ಸುಮಾರು ಹದಿಮೂರು ವರ್ಷ. ಇಂದು ಈ ಕಪ್‌ನ ಕನಿಷ್ಠ ತೂಕ 50 ಕಿಲೋ. ಮಕ್ಕಳನ್ನು ಕೂರಿಸುವ ಕಾಲ ಹೋಯಿತು. ಆದರೆ 50 ಅಥವಾ 51 ಕಿಲೋದ ಕುದುರೆಯೊಂದು ಸಿಕ್ಕಿತೆಂದು ವಾರಗಟ್ಟಲೆ ಅನ್ನ ಬಿಟ್ಟು, ಬಿಸಿನೀರಿನ ತೊಟ್ಟಿಯಲ್ಲಿ ಕೂತು ಬೆವರಿಳಿಸಿ ಮೈ ಒಣಗಿಸಿಕೊಳ್ಳುವ ಜಾಕಿಗಳು ಈಗಲೂ ಇದ್ದಾರೆ.

ಇದೇ ಪದ್ಧತಿಯ ನಿರ್ದಯ ಮುಖ ಫಾರ್ ಲ್ಯಾಪ್‌ನ ಕಥೆಯಲ್ಲಿದೆ. 1926ರಲ್ಲಿ ನ್ಯೂಜಿಲೆಂಡಿನ ಟಿಮರೂ ಬಳಿ ಹುಟ್ಟಿದ ಈ ಕೆಂಗಂದು ಕುದುರೆಯನ್ನು 160 ಗಿನಿಗೆ ಕೊಂಡಾಗ ಯಾರೂ ಅದರತ್ತ ಕಣ್ಣೆತ್ತಿ ನೋಡಿರಲಿಲ್ಲ. 1929ರ ಕಪ್‌ನಲ್ಲಿ ಮೂರು ವರ್ಷದ ಫಾರ್ ಲ್ಯಾಪ್ 47 ಕಿಲೋ ಹೊತ್ತು ಮೂರನೆಯದಾಯಿತು. ಮರುವರ್ಷ ಅದು ಓಡಿದಲ್ಲೆಲ್ಲ ಗೆಲ್ಲುತ್ತಿದ್ದುದರಿಂದ ಹೊರೆ 62.5 ಕಿಲೋಕ್ಕೆ ಜಿಗಿಯಿತು. ಆದರೂ ಬುಕ್ಕಿಗಳು ಹನ್ನೊಂದು ಪೌಂಡು ಕಟ್ಟಿದವರಿಗೆ ಎಂಟೇ ಪೌಂಡು ಲಾಭ ಕೊಡುತ್ತಿದ್ದರು, ಈ ಓಟದ ಚರಿತ್ರೆಯಲ್ಲೇ ಅಷ್ಟು ಖಚಿತವಾಗಿ ಜನ ನಂಬಿದ ಕುದುರೆ ಬೇರೆಯಿಲ್ಲ. ಓಟಕ್ಕೆ ಮೂರು ದಿನ ಮೊದಲು, ನವೆಂಬರ್ 1ರ ಬೆಳಿಗ್ಗೆ, ಯಾರೋ ಕಾರಿನಿಂದ ಅದರತ್ತ ಗುಂಡು ಹಾರಿಸಿ ಪರಾರಿಯಾದರು. ಗುರಿ ತಪ್ಪಿತು. ಅಂದೇ ಮಧ್ಯಾಹ್ನ ಫಾರ್ ಲ್ಯಾಪ್ ಇನ್ನೊಂದು ಓಟ ಗೆದ್ದಿತು, ಮಂಗಳವಾರ ಕಪ್ಪನ್ನೂ ಗೆದ್ದಿತು. 1931ರಲ್ಲಿ ಹ್ಯಾಂಡಿಕ್ಯಾಪರ್ ಹೊರಿಸಿದ್ದು 68 ಕಿಲೋ. ಆ ವರ್ಷ ಗೆದ್ದ ವೈಟ್ ನೋಸ್ ಹೊತ್ತದ್ದು 43.5 ಕಿಲೋ. ಫಾರ್ ಲ್ಯಾಪ್ ಎಂಟನೆಯದಾಗಿ ಬಂತು. 1932ರ ಏಪ್ರಿಲ್‌ನಲ್ಲಿ ಅದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಠಾತ್ತನೆ ಸತ್ತಾಗ ಎರಡು ದೇಶಗಳು ಶೋಕಿಸಿದವು. ಅದರ ಚರ್ಮ ಮೆಲ್ಬರ್ನಿನ ಮ್ಯೂಸಿಯಮ್ಮಿನಲ್ಲಿದೆ, ಅಸ್ಥಿಪಂಜರ ನ್ಯೂಜಿಲೆಂಡಿನಲ್ಲಿದೆ, ಆರು ಕಿಲೋಕ್ಕೂ ಮೀರಿದ ಹೃದಯ ಕ್ಯಾನ್‌ಬೆರಾದಲ್ಲಿದೆ.

ಶ್ರೇಷ್ಠ ಕುದುರೆಯನ್ನು ಹೀಗೆ ತೂಕ ಹೇರಿ ಸೋಲಿಸುವುದು ನ್ಯಾಯವೇ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಕುದುರೆಯ ಕಡೆಯಿಂದ ನೋಡಿದರೆ ಅಲ್ಲ. ಆದರೆ ಓಟದ ಕಡೆಯಿಂದ ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ, ಅದಕ್ಕೆ ಇಂಗ್ಲೆಂಡಿನ ಆಸ್ಕಟ್ ಗೋಲ್ಡ್ ಕಪ್ಪನ್ನು ಪಕ್ಕದಲ್ಲಿಟ್ಟು ನೋಡಬೇಕು. 1807ರಲ್ಲಿ ಆರಂಭವಾದ, ಎರಡೂವರೆ ಮೈಲಿ ಉದ್ದದ ಆ ಓಟದಲ್ಲಿ ಹ್ಯಾಂಡಿಕ್ಯಾಪ್ ಇಲ್ಲ. ಯೋಗ್ಯತೆಯೊಂದೇ ಮಾನದಂಡ. ಹತ್ತೊಂಬತ್ತನೆಯ ಶತಮಾನದಲ್ಲಿ ಡರ್ಬಿ ಗೆದ್ದ ಕುದುರೆಗಳು ಮರುವರ್ಷ ಈ ಕಪ್ಪಿಗಾಗಿ ಬರುವುದು ವಾಡಿಕೆಯಾಗಿತ್ತು. ಆದರೆ ಇಪ್ಪತ್ತನೆಯ ಶತಮಾನದ ತಳಿಗಾರರಿಗೆ ಬೇಗ ಬೆಳೆದು ಬೇಗ ಗೆಲ್ಲುವ ಕುದುರೆಯೇ ಬೇಕಾಯಿತು, ಡರ್ಬಿ ವಿಜೇತರು ನಾಲ್ಕು ವರ್ಷ ತುಂಬುವ ಮೊದಲೇ ಮರಿ ಹುಟ್ಟಿಸಲು ಸ್ಟಡ್ ಫಾರ್ಮಿಗೆ ಹೋಗತೊಡಗಿದರು. ಡರ್ಬಿ ಗೆದ್ದು ಆಮೇಲೆ ಗೋಲ್ಡ್ ಕಪ್ಪನ್ನೂ ಗೆದ್ದ ಕೊನೆಯ ಕುದುರೆ ಓಷನ್ ಸ್ವೆಲ್, ಅದು 1945ರಲ್ಲಿ. ಅನಂತರವೂ ಯೇಟ್ಸ್‌ನಂಥ ಕುದುರೆ 2006ರಿಂದ ಸತತ ನಾಲ್ಕು ವರ್ಷ ಅದನ್ನು ಗೆದ್ದು ಜನಮನ ಸೆಳೆದಿದೆ, 2013ರಲ್ಲಿ ರಾಣಿ ಎಲಿಜಬೆತ್ ಅವರ ಎಸ್ಟಿಮೇಟ್ ಗೆದ್ದಾಗ ಇಡೀ ಆಸ್ಕಟ್ ಸಂಭ್ರಮಿಸಿದೆ. ಆದರೂ ಅದು ದೂರದ ಓಟದ ಅಭಿಮಾನಿಗಳ ಹಬ್ಬವಾಗಿ ಉಳಿಯಿತೇ ಹೊರತು ಬೀದಿಯ ಮನುಷ್ಯನ ಹಬ್ಬವಾಗಲಿಲ್ಲ. ಬಲಿಷ್ಠವಾದ ಒಂದು ಕುದುರೆ ಬಂದರೆ ಅಲ್ಲಿ ಪೈಪೋಟಿಯೇ ಮುಗಿದಂತೆ.

ಫ್ಲೆಮಿಂಗ್ಟನ್‌ನಲ್ಲಿ ಹಾಗಾಗುವುದಿಲ್ಲ. ತೂಕದ ಲೆಕ್ಕ ಸರಿಯಾಗಿದ್ದರೆ 24 ಕುದುರೆಗಳಲ್ಲಿ ಹತ್ತು ಹನ್ನೆರಡಕ್ಕಾದರೂ ಗೆಲ್ಲುವ ನಿಜವಾದ ಅವಕಾಶವಿರುತ್ತದೆ. ಕಚೇರಿಯಲ್ಲಿ ಚೀಟಿ ಎತ್ತುವ ಗುಮಾಸ್ತೆಗೆ ಬರುವ ಹೆಸರು ಸುಮ್ಮನೆ ಸೋಲುವ ಹೆಸರಲ್ಲ. ಹೀಗಾಗಿ ಜೂಜಿನ ಹಣ ಹರಿಯಿತು, ಹಣದಿಂದ ಬಹುಮಾನ ಬೆಳೆಯಿತು, 1985ರ ಹೊತ್ತಿಗೆ ಅದು ಹತ್ತು ಲಕ್ಷ ಡಾಲರ್ ಮುಟ್ಟಿತು, ದೊಡ್ಡ ಬಹುಮಾನಕ್ಕಾಗಿ ಮಾಲೀಕರು ದೂರ ಓಡಬಲ್ಲ ಕುದುರೆಗಳನ್ನು ಇಟ್ಟುಕೊಂಡರು. ಓಟದ ಉದ್ದವನ್ನು ಕಡಿಮೆ ಮಾಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. 1972ರಲ್ಲಿ ಮೆಟ್ರಿಕ್ ಅಳತೆ ಬಂದಾಗ ಎರಡು ಮೈಲಿ 3200 ಮೀಟರಾಗಿ, ಕಳೆದುಹೋದದ್ದು ಹತ್ತೊಂಬತ್ತು ಮೀಟರಿಗೂ ಕಡಿಮೆ.

ಇನ್ನು ದೂರದ ಮಾತು. ಫ್ಲೆಮಿಂಗ್ಟನ್ ಸುತ್ತಳತೆ 2312 ಮೀಟರ್. ಆದ್ದರಿಂದ ಕುದುರೆಗಳು ನೇರ ದಾರಿಯ ಮೇಲಿನ ತುದಿಯಲ್ಲಿ ಹೊರಟು, ಸುಮಾರು 890 ಮೀಟರ್ ಓಡಿ ಗುರಿಗಂಬವನ್ನು ಒಮ್ಮೆ ದಾಟಿ, ಮತ್ತೆ ಎಡಕ್ಕೆ ಒಂದು ಪೂರ್ತಿ ಸುತ್ತು ಹಾಕಬೇಕು. ಮೊದಲ ಸಲ ಗುರಿಗಂಬ ದಾಟುವಾಗ ನೋಡುಗರು ಮುಗಿಲು ಮುಟ್ಟುವಂತೆ ಕೂಗುತ್ತಾರೆ. ಅನುಭವವಿಲ್ಲದ ಕುದುರೆ ಆ ಗದ್ದಲಕ್ಕೆ ಕೆರಳಿ ಲಗಾಮನ್ನು ಎಳೆದಾಡಿದರೆ, ಆಗ ವ್ಯರ್ಥವಾದ ಶಕ್ತಿ ಕೊನೆಯ 450 ಮೀಟರಿನ ನೇರ ಹಾದಿಯಲ್ಲಿ ಬೇಕೆಂದಾಗ ಸಿಗುವುದಿಲ್ಲ. 1000 ಮೀಟರಿನ ಓಟದಲ್ಲಿ ಸ್ನಾಯುಗಳು ತಮ್ಮಲ್ಲಿ ಕೂಡಿಟ್ಟ ಇಂಧನವನ್ನು ಆಮ್ಲಜನಕದ ಹಂಗಿಲ್ಲದೆ ಉರಿಸಿ ದೊಡ್ಡ ಪಾಲಿನ ಶಕ್ತಿಯನ್ನು ಪಡೆಯಬಲ್ಲವು. 3200 ಮೀಟರಿನಲ್ಲಿ ಆ ಉಪಾಯ ನಡೆಯದು. ಇಲ್ಲಿ ಕೆಲಸದ ಬಹುಪಾಲನ್ನು ಹೃದಯ ಮತ್ತು ಶ್ವಾಸಕೋಶಗಳೇ ಮಾಡಬೇಕು. 1990ರಲ್ಲಿ ಕಿಂಗ್‌ಸ್ಟನ್ ರೂಲ್ ಸ್ಥಾಪಿಸಿದ 3 ನಿಮಿಷ 16.3 ಸೆಕೆಂಡುಗಳ ದಾಖಲೆಯನ್ನು ಭಾಗಿಸಿ ನೋಡಿದರೆ ಗಂಟೆಗೆ ಸರಾಸರಿ 58 ಕಿಲೋಮೀಟರಿಗೂ ಹೆಚ್ಚಿನ ವೇಗ ಬರುತ್ತದೆ. ಅದನ್ನು ಮೂರು ನಿಮಿಷಕ್ಕೂ ಮೀರಿ ಬೆನ್ನ ಮೇಲೆ ಹೊರೆಯೊಂದಿಗೆ ಉಳಿಸಿಕೊಳ್ಳುವುದು ಎಲ್ಲ ಕುದುರೆಗಳ ಕೈಯಲ್ಲಾಗುವ ಕೆಲಸವಲ್ಲ.

ಈ ಸಾಮರ್ಥ್ಯದ ಒಂದು ಪಾಲು ಹುಟ್ಟಿನಿಂದ ಬರುವುದೆಂದು ಕುದುರೆ ಸಾಕುವವರು ಬಹುಕಾಲದಿಂದ ಬಲ್ಲರು. 2010ರಲ್ಲಿ ಐರ್ಲೆಂಡಿನ ಡಬ್ಲಿನ್ನಿನ ವಿಜ್ಞಾನಿ ಎಮೆಲಿನ್ ಹಿಲ್ ಮತ್ತು ಅವರ ತಂಡ ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುವ ಮಯೋಸ್ಟಾಟಿನ್ ಎಂಬ ವಂಶವಾಹಿಯ ಒಂದು ಜಾಗದಲ್ಲಿ ಇದರ ಸುಳಿವು ಕಂಡರು. ಆ ಜಾಗದಲ್ಲಿ ತಂದೆ ತಾಯಿ ಇಬ್ಬರಿಂದಲೂ ‘ಸಿ’ ರೂಪ ಬಂದ ಕುದುರೆಗಳು ಬೇಗ ಮೈ ತುಂಬಿಕೊಂಡು ಕಡಿಮೆ ದೂರದಲ್ಲಿ ಮಿಂಚುತ್ತವೆ. ಇಬ್ಬರಿಂದಲೂ ‘ಟಿ’ ರೂಪ ಪಡೆದವು ತೆಳ್ಳಗೆ ಬೆಳೆದು ಹೆಚ್ಚು ದೂರಕ್ಕೆ ಒಗ್ಗುತ್ತವೆ. ಒಂದೊಂದು ಪಡೆದವು ನಡುವಿನವು.

ಆಸ್ಟ್ರೇಲಿಯಾದ ತಳಿಗಾರರು ಯಾವ ಕಡೆಗೆ ವಾಲಿದರು ಎಂಬುದರಲ್ಲಿ ಈ ಓಟದ ಮುಂದಿನ ಕಥೆಯಿದೆ. 1957ರಲ್ಲಿ ಸಿಡ್ನಿಯಲ್ಲಿ ಎರಡು ವರ್ಷದ ಮರಿಗಳಿಗಾಗಿ ಗೋಲ್ಡನ್ ಸ್ಲಿಪ್ಪರ್ ಎಂಬ 1200 ಮೀಟರಿನ ಓಟ ಆರಂಭವಾಯಿತು. ಅದರ ಬಹುಮಾನ ಬೆಳೆದಂತೆಲ್ಲ, ಕೊಂಡ ವರ್ಷವೇ ದುಡ್ಡು ಹಿಂದಿರುಗಿಸುವ ಕುದುರೆಗೆ ಬೇಡಿಕೆ ಹೆಚ್ಚಿತು. ದೂರದ ಕುದುರೆ ಪಕ್ವವಾಗಲು ನಾಲ್ಕೈದು ವರ್ಷ ಬೇಕು, ಅಷ್ಟು ಕಾಲ ಮೇವು, ಲಾಯ, ಟ್ರೇನರ್ ಖರ್ಚನ್ನು ಯಾರು ತಡೆದಾರು? ಕಪ್ ಗೆಲ್ಲುವ ಕನಸು ಎಲ್ಲರಿಗೂ ಇತ್ತು, ಗೆಲ್ಲಬಲ್ಲ ಕುದುರೆಯನ್ನು ಹುಟ್ಟಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ಬಹುಕಾಲ ಈ ಕೊರತೆಯನ್ನು ತುಂಬಿದ್ದು ನ್ಯೂಜಿಲೆಂಡ್. ಹನ್ನೆರಡು ಸಲ ಕಪ್ ಗೆದ್ದು ಯಾರೂ ಸಮೀಪಿಸಲಾಗದ ದಾಖಲೆ ಮಾಡಿದ ಟ್ರೇನರ್ ಬಾರ್ಟ್ ಕಮಿಂಗ್ಸ್ ಅಲ್ಲಿಂದ ಕುದುರೆಗಳನ್ನು ಆರಿಸಿ ತರುತ್ತಿದ್ದವರಲ್ಲಿ ಪ್ರಮುಖರು, 1965ರಲ್ಲಿ ಅವರಿಗೆ ಮೊದಲ ಕಪ್ ತಂದ ಲೈಟ್ ಫಿಂಗರ್ಸ್ ಅಲ್ಲಿಯದೇ.

1993ರಲ್ಲಿ ಬಾಗಿಲು ಇನ್ನೊಂದು ದಿಕ್ಕಿಗೆ ತೆರೆಯಿತು. ಐರ್ಲೆಂಡಿನ ಟ್ರೇನರ್ ಡರ್ಮಟ್ ವೆಲ್ಡ್ ತಮ್ಮ ವಿಂಟೇಜ್ ಕ್ರಾಪ್ ಕುದುರೆಯನ್ನು ವಿಮಾನದಲ್ಲಿ ಕರೆತಂದು ಗೆದ್ದಾಗ, ಉತ್ತರಾರ್ಧ ಗೋಳದಲ್ಲಿ ತರಬೇತಾದ ಕುದುರೆಗೆ ಕಪ್ ಸಿಕ್ಕಿದ್ದು ಅದೇ ಮೊದಲು. ಯುರೋಪಿನಲ್ಲಿ ದೂರದ ಕುದುರೆಗಳಿದ್ದವು, ಅವುಗಳಿಗೆ ತಕ್ಕ ಬಹುಮಾನವಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ಬಹುಮಾನವಿತ್ತು, ಕುದುರೆಗಳಿರಲಿಲ್ಲ. 2006ರಲ್ಲಿ ಜಪಾನಿನ ಡೆಲ್ಟಾ ಬ್ಲೂಸ್ ಮತ್ತು ಪಾಪ್ ರಾಕ್ ಮೊದಲೆರಡು ಸ್ಥಾನಗಳನ್ನು ಬಾಚಿಕೊಂಡವು. 2010 ಮತ್ತು 2011ರಲ್ಲಿ ಫ್ರಾನ್ಸ್, 2014ರಲ್ಲಿ ಜರ್ಮನಿ, 2018ರಲ್ಲಿ ಬ್ರಿಟನ್ ಎಂದು ಕಪ್ ಊರೂರು ತಿರುಗಿತು.

ಇಲ್ಲಿ ಹ್ಯಾಂಡಿಕ್ಯಾಪರಿನ ತಲೆನೋವು ದ್ವಿಗುಣವಾಯಿತು. ಉತ್ತರದ ಕುದುರೆಗಳ ಅಧಿಕೃತ ಹುಟ್ಟುಹಬ್ಬ ಜನವರಿ 1, ದಕ್ಷಿಣದವುಗಳದ್ದು ಆಗಸ್ಟ್ 1. ಎರಡೂ ಕಡೆ ಮರಿಗಳು ವಸಂತದಲ್ಲೇ ಹುಟ್ಟುವುದರಿಂದ ಈ ವ್ಯತ್ಯಾಸ. ನವೆಂಬರಿನಲ್ಲಿ ಉತ್ತರದ ಮೂರು ವರ್ಷದ ಕುದುರೆಯೊಂದು ದಕ್ಷಿಣದ ನಾಲ್ಕು ವರ್ಷದ ಕುದುರೆಗಿಂತ ಸುಮಾರು ಅರ್ಧ ವರ್ಷ ಕಿರಿಯದು, ಆದರೆ ದಕ್ಷಿಣದ ಮೂರು ವರ್ಷದ್ದಕ್ಕಿಂತ ಅರ್ಧ ವರ್ಷ ಹಿರಿಯದು. ಅದಕ್ಕೆ ಎಷ್ಟು ರಿಯಾಯಿತಿ ಕೊಡಬೇಕು? ಹಗುರ ತೂಕದಲ್ಲಿ ಬಂದ ಇಂಥ ಎರಡು ಎಳೆಯ ಕುದುರೆಗಳು, 2017ರಲ್ಲಿ ರೀಕಿಂಡ್ಲಿಂಗ್, 2018ರಲ್ಲಿ ಕ್ರಾಸ್ ಕೌಂಟರ್, ಸಾಲಾಗಿ ಗೆದ್ದಾಗ ಸ್ಥಳೀಯ ಟ್ರೇನರುಗಳು ಗೊಣಗಿದ್ದರಲ್ಲಿ ಆಶ್ಚರ್ಯವಿಲ್ಲ.

ಹೊರೆ ಏರುತ್ತಿದ್ದರೂ ಗೆಲ್ಲುತ್ತಲೇ ಹೋದ ಒಂದು ಕುದುರೆಯ ಮಾತನ್ನು ಇಲ್ಲೇ ಹೇಳಬೇಕು. ಮಕೈಬಿ ದೀವಾ ಎಂಬ ಹೆಣ್ಣುಗುದುರೆ 2003ರಲ್ಲಿ 51 ಕಿಲೋ ಹೊತ್ತು ಗೆದ್ದಿತು. ಮರುವರ್ಷ 55.5 ಕಿಲೋ, ಮತ್ತೆ ಗೆದ್ದಿತು. 2005ರಲ್ಲಿ 58 ಕಿಲೋ, ಆಗಲೂ ಗೆದ್ದಿತು. ಮೂರು ಸಲ ಈ ಕಪ್ ಗೆದ್ದದ್ದು ಅದೊಂದೇ. ತಕ್ಕಡಿಯನ್ನು ಮೀರಿ ನಿಂತ ಕುದುರೆ ಇಷ್ಟು ವರ್ಷಗಳಲ್ಲಿ ಬೆರಳೆಣಿಕೆಯಷ್ಟು ಎಂಬುದರಲ್ಲೇ ತಕ್ಕಡಿಯ ಬಿಗಿ ತಿಳಿಯುತ್ತದೆ.

ಯುರೋಪಿನ ಕುದುರೆಗಳ ಪ್ರವಾಹಕ್ಕೆ ತೆರಬೇಕಾದ ಬೆಲೆ ಭಾರಿಯಾಗಿತ್ತು. 2013ರಿಂದ 2020ರವರೆಗಿನ ಓಟಗಳಲ್ಲಿ ಗಾಯಗೊಂಡೋ ಕುಸಿದೋ ಹೊರಗಿನಿಂದ ಬಂದ ಹಲವು ಕುದುರೆಗಳು ಪ್ರಾಣ ಬಿಟ್ಟವು. 2014ರಲ್ಲಿ ಜಪಾನಿನ ಅಡ್ಮೈರ್ ರಕ್ತಿ ಓಟ ಮುಗಿಸಿ ಲಾಯಕ್ಕೆ ಮರಳಿ ಅಲ್ಲೇ ಕುಸಿಯಿತು. 2020ರಲ್ಲಿ ಕಾಲು ಮುರಿದು ಸತ್ತ ಆಂಟನಿ ವಾನ್ ಡೈಕ್ ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನ ಡರ್ಬಿ ಗೆದ್ದಿತ್ತು. ಪ್ರಾಣಿದಯೆಯವರ ಪ್ರತಿಭಟನೆ ಜೋರಾಯಿತು, ಓಟವನ್ನು ಬಹಿಷ್ಕರಿಸುವವರ ಸಂಖ್ಯೆ ಹೆಚ್ಚಿತು. ಮುಂದಿನ ವರ್ಷದಿಂದ ಹೊರದೇಶದ ಪ್ರತಿ ಕುದುರೆಯ ಕಾಲಿನ ಮೂಳೆಗಳನ್ನು ಸಿ.ಟಿ. ಸ್ಕ್ಯಾನ್ ಮಾಡಿ, ಬಿರುಕಿನ ಸಣ್ಣ ಸುಳಿವು ಕಂಡರೂ ಓಡಲು ಬಿಡದಿರುವ ನಿಯಮ ಬಂತು. ನಿಯಮ ಬಿಗಿಯಾದೊಡನೆ ಯುರೋಪಿನ ಟ್ರೇನರುಗಳು ಹಿಂಜರಿದರು, 2021ರಲ್ಲಿ ಅಲ್ಲಿಂದ ಬಂದು ಓಡಿದ್ದು ಎರಡೇ ಕುದುರೆಗಳು. ನನಗೆ ಈ ಬಿಗಿ ತಡವಾಗಿ ಬಂದ ಸರಿಯಾದ ಕ್ರಮವೆಂದೇ ತೋರುತ್ತದೆ. ದಾಟಿಬಂದ ಗಾಯವನ್ನು ಮುಚ್ಚಿಟ್ಟು ಓಡುವ ಸ್ವಭಾವ ಕುದುರೆಯದು, ಅದನ್ನು ಯಂತ್ರವಾದರೂ ನೋಡಿ ಹೇಳಬೇಕು.

ತಕ್ಕಡಿಯ ಇನ್ನೊಂದು ಫಲವೆಂದರೆ ಅನಿರೀಕ್ಷಿತ ವಿಜಯಗಳು. 2015ರಲ್ಲಿ ಒಂದು ಡಾಲರಿಗೆ 101 ಡಾಲರ್ ಕೊಡುವಷ್ಟು ನಿರ್ಲಕ್ಷ್ಯಕ್ಕೊಳಗಾಗಿದ್ದ ಪ್ರಿನ್ಸ್ ಆಫ್ ಪೆನ್ಜಾನ್ಸ್ 53 ಕಿಲೋ ಹೊತ್ತು ಗೆದ್ದಿತು. ಅದರ ಬೆನ್ನ ಮೇಲಿದ್ದ ಮಿಶೆಲ್ ಪೇನ್ ಈ ಕಪ್ ಗೆದ್ದ ಮೊದಲ ಮಹಿಳಾ ಜಾಕಿ. ಹೆಂಗಸರಿಗೆ ಈ ಅಂಗಳ ಬಹುಕಾಲ ಮುಚ್ಚಿತ್ತು. 1938ರಲ್ಲಿ ಕಪ್ ಗೆದ್ದ ಕ್ಯಾಟಲಾಗ್ ಎಂಬ ಕುದುರೆಯನ್ನು ಪಳಗಿಸಿದ್ದು ನ್ಯೂಜಿಲೆಂಡಿನ ಶ್ರೀಮತಿ ಮೆಕ್‌ಡೊನಾಲ್ಡ್, ಆದರೆ ವಿಕ್ಟೋರಿಯಾದಲ್ಲಿ ಹೆಂಗಸರಿಗೆ ಟ್ರೇನರ್ ಪರವಾನಗಿ ಇಲ್ಲದ್ದರಿಂದ ದಾಖಲೆಯಲ್ಲಿ ಗಂಡನ ಹೆಸರು ಬಿತ್ತು. 2001ರಲ್ಲಿ ಎಥೀರಿಯಲ್‌ನೊಂದಿಗೆ ಶೀಲಾ ಲ್ಯಾಕ್ಸನ್ ಗೆದ್ದಾಗಲೇ ಒಬ್ಬ ಮಹಿಳಾ ಟ್ರೇನರ್ ಹೆಸರು ಅಧಿಕೃತವಾಗಿ ಪಟ್ಟಿ ಸೇರಿದ್ದು.

ಅದೇ ಲ್ಯಾಕ್ಸನ್ 2024ರಲ್ಲಿ ಜಾನ್ ಸೈಮನ್ಸ್ ಜೊತೆಗೂಡಿ ತಯಾರು ಮಾಡಿದ ನೈಟ್ಸ್ ಚಾಯ್ಸ್, ಯಾರ ಲೆಕ್ಕದಲ್ಲೂ ಇಲ್ಲದೆ ಬಂದು ಕಪ್ ಒಯ್ದಿತು. ವಂಶಾವಳಿ ನೋಡುವವರಿಗೆ ಅದು ಒಗಟು: ಅದರ ತಂದೆ ಎಕ್ಸ್‌ಟ್ರೀಮ್ ಚಾಯ್ಸ್ ಎರಡು ವರ್ಷದ ಮರಿಗಳ 1200 ಮೀಟರ್ ಓಟದಲ್ಲಿ ಹೆಸರು ಮಾಡಿದ ಕುದುರೆ, ಅದರ ಮರಿಗಳನ್ನು ಜನ ಕೊಳ್ಳುವುದು ವೇಗಕ್ಕಾಗಿಯೇ. ಮರುವರ್ಷ ಜೇಮಿ ಮೆಲ್ಹಮ್ ಸವಾರಿಯಲ್ಲಿ ಗೆದ್ದ ಹಾಫ್ ಯುವರ್ಸ್ ಕೂಡ ಆಸ್ಟ್ರೇಲಿಯಾದಲ್ಲೇ ಹುಟ್ಟಿದ್ದು. ಅದು ಕೆಲವೇ ವಾರಗಳ ಹಿಂದೆ 2400 ಮೀಟರಿನ ಕಾಲ್‌ಫೀಲ್ಡ್ ಕಪ್ಪನ್ನೂ ಗೆದ್ದಿತ್ತು. ಎರಡು ಗೆಲುವುಗಳಿಂದ ಸ್ಥಳೀಯ ತಳಿಗಾರರು ದೂರದ ಕುದುರೆಗಳತ್ತ ತಿರುಗುತ್ತಾರೆಂದು ಹೇಳಲಾಗದು, ಏಕೆಂದರೆ ಹರಾಜಿನಲ್ಲಿ ಹೆಚ್ಚು ಬೆಲೆ ಬರುವುದು ಇಂದಿಗೂ ಎರಡು ವರ್ಷಕ್ಕೇ ಓಡಿ ಗೆಲ್ಲಬಲ್ಲ ಮರಿಗೆ. ಹೊರಗಿನ ಕುದುರೆಗಳು ಕಡಿಮೆಯಾಗಿ, ಒಳಗಿನವು ಇನ್ನೂ ಹುಟ್ಟದಿರುವ ಈ ನಡುವಿನ ಕಾಲದಲ್ಲಿ, ಹ್ಯಾಂಡಿಕ್ಯಾಪರ್ ಪ್ರತಿ ಸೆಪ್ಟೆಂಬರಿನಲ್ಲಿ ಎಂದಿನಂತೆ ತನ್ನ ತೂಕದ ಪಟ್ಟಿಯನ್ನು ಪ್ರಕಟಿಸುತ್ತಾನೆ, ಟ್ರೇನರುಗಳು ಎಂದಿನಂತೆ ತಮ್ಮ ಕುದುರೆಗೆ ಅರ್ಧ ಕಿಲೋ ಹೆಚ್ಚಾಯಿತೆಂದು ಜಗಳ ತೆಗೆಯುತ್ತಾರೆ.